ಎಣ್ಣೆ ಬಂದಾಗ

ಮನೆ ಮಾರಿ ಸಮನಾಗಿ ಹಂಚಿಕೊಂಡೆವು.
ನಾಯಿ ನನಗೆ, ಪಿಯಾನೊ ಡಂಕನ್‌ಗೆ,
ಇಬ್ಬರಿಗೂ ಬೇಡವಾದ ಊಟದ ಮೇಜು
ಚರ್ಚಿನ ಹರಾಜಿಗೆ.
ಎಣ್ಣೆ ಸೀಗೆಕಾಯಿ ಎಂದರು ಜನ. ಸರಿಯಾಗಿಯೇ ಅಂದರು.
ಒಂದು ಜಿಡ್ಡು, ಒಂದು ಜಿಡ್ಡು ಬಿಡಿಸುವುದು;
ಯಾರು ಯಾವುದೆಂದು ಮಾತ್ರ
ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಕಾರನ್ನು ಹಂಚಲಾಗಲಿಲ್ಲ.
ಇರುವುದೇ ಎರಡು ಸೀಟು,
ಎಲ್ಲ ಸೇರಿ ಏಳುನೂರ ಇಪ್ಪತ್ತು ಕಿಲೋ.
ನಾರ್ಫೋಕಿನ ಗಾಳಿ ಜೋರಾಗಿ ಬೀಸಿದರೆ
ಪಕ್ಕದ ಓಣಿಗೆ ಸರಿದೀತು ಅನ್ನುವಂಥದ್ದು.
ಅರ್ಧ ವರ್ಷ ಅವನಲ್ಲಿ, ಅರ್ಧ ನನ್ನಲ್ಲಿ.
ವಕೀಲೆ ಬರೆಯದ ಕರಾರು ಇನ್ನೊಂದಿದೆ:
ಪಡೆದವರೇ ಎಂಜಿನ್ ಆಯಿಲ್ ಬದಲಿಸಬೇಕು.

ಅಕ್ಟೋಬರಿನ ಮೊದಲ ಭಾನುವಾರ,
ಕ್ರೋಮರ್‌ನಿಂದ ತಂದು ನಿಲ್ಲಿಸಿದ.
'ಜಾಸ್ತಿ ಓಡಿಸಿಲ್ಲ,' ಅಂದ, ಇಳಿಯುವ ಮೊದಲೇ.
ಎಂಜಿನ್ ಬಿಸಿಯಿರುವಾಗಲೇ ಬಿಚ್ಚಬೇಕು,
ಹಳೆಯದು ಸಲೀಸಾಗಿ ಇಳಿಯುತ್ತದೆ.
ಅವನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ.
'ಟಾರ್ಚ್ ಹಿಡಿಯಲಾ?'
ಬೇಡ ಅನ್ನುವಷ್ಟರಲ್ಲಿ ಹಿಡಿದಿದ್ದ.

ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು,
ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿದೆ.
ಕಲಿಸಿದ್ದು ಅವನ ಅಮ್ಮ,
ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವಳು.
ಆಮೇಲೆ ಅಡಿಗೆ ಜಾರಿದೆ.
ಬೆನ್ನ ಕೆಳಗೆ ರಟ್ಟು, ರಟ್ಟಿನ ಕೆಳಗೆ ತಣ್ಣನೆಯ ಕಾಂಕ್ರೀಟು.

ಅಡಿತಟ್ಟೆಗೆ ಹನ್ನೆರಡು ಬೋಲ್ಟು.
ಹನ್ನೊಂದೇ ಸಿಕ್ಕವು.
'ಇನ್ನೊಂದೆಲ್ಲಿ?'
'ತೂಕ ಕಮ್ಮಿಯಾಗಲಿ ಅಂತ.'
ಇವತ್ತು ನಗಬಾರದು ಅಂದುಕೊಂಡಿದ್ದೆ.

ತಟ್ಟೆಯಲ್ಲಿ ಹಿಡಿ ಮರಳು, ಒಣ ಎಲೆ,
ಒಂದು ಚೂರು ಸ್ಲೇಟು ಕಲ್ಲು.
ನಾರ್ಫೋಕಿನಲ್ಲಿ ಬೆಟ್ಟವೂ ಇಲ್ಲ ಸ್ಲೇಟೂ ಇಲ್ಲ.
ವೇಲ್ಸ್‌ವರೆಗೂ ಹೋಗಿದ್ದಾನೆ.
ಎರಡನೆಯ ಸೀಟಿನಲ್ಲಿ ಯಾರು, ಕೇಳಲಿಲ್ಲ.
ಚೂರನ್ನು ಜೇಬಿಗೆ ಹಾಕಿಕೊಂಡೆ.

ಟಾರ್ಚಿನ ಬೆಳಕು ಎಂದಿನಂತೆ ನನ್ನ ಕೈ ಮೇಲಿಲ್ಲ,
ಅವನಿಗೇನು ನೋಡಬೇಕೋ ಅದರ ಮೇಲಿದೆ.
ಹದಿನೇಳು ವರ್ಷ ನಾನು ಹೇಳಿದ್ದು ಇಷ್ಟೇ,
ಬೇರೆ ಬೇರೆ ಮಾತಿನಲ್ಲಿ.

ಸಂಪ್ ಪ್ಲಗ್ ಮಿಸುಕಲೊಲ್ಲದು.
ಏಪ್ರಿಲ್‌ನಲ್ಲಿ ಅವನು ಬಿಗಿದದ್ದು;
ಅವನು ಬಿಗಿಯುವುದೇ ಹಾಗೆ,
ಮತ್ತೆಂದೂ ಯಾರೂ ಬಿಚ್ಚುವುದಿಲ್ಲ ಎಂಬ ಹಾಗೆ.
ಮೈಭಾರವನ್ನೆಲ್ಲ ಹಿಡಿಗೆ ಕೊಟ್ಟಾಗ
ಕಟಕ್.
ಆಮೇಲೆ ಬೆರಳಲ್ಲೇ, ಒಳಕ್ಕೆ ಒತ್ತಿ ಹಿಡಿದು,
ಇನ್ನೊಂದು ಸುತ್ತು, ಇನ್ನರ್ಧ ಸುತ್ತು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರನ್ನು
ಗಾದೆ ಪೆದ್ದರೆಂದು ನಗುತ್ತದೆ.
ಗಾದೆ ಕಟ್ಟಿದವರು ಕಾರಿನಡಿ ಮಲಗಿದವರಲ್ಲ.
ಬಂತು. ಮುಚ್ಚಿಕೊಂಡೆ.
ಮೊಣಕೈವರೆಗೂ ಹರಿಯಿತು
ಬಿಸಿಬಿಸಿ, ಕಡುಗಪ್ಪು,
ಜಾಸ್ತಿ ಓಡಿಸದ ಆರು ತಿಂಗಳು.

ತಾಮ್ರದ ವಾಷರ್ ಪ್ರತಿಸಲ ಹೊಸದೇ ಆಗಬೇಕು.
ಹಿಸುಕಿಸಿಕೊಂಡು ಒಮ್ಮೆ ಆಕಾರಕ್ಕೆ ಬಂದದ್ದು
ಇನ್ನೊಮ್ಮೆ ಮಣಿಯುವುದಿಲ್ಲ.
ಮೂವತ್ತು ಪೆನ್ಸ್.
ಒಂದು ವರ್ಷ ಅದಕ್ಕೂ ಜಿಪುಣತನ ಮಾಡಿ
ಚಳಿಗಾಲವಿಡೀ ತೊಟ್ಟಿಕ್ಕಿಸಿದ್ದೆವು.

ಫಿಲ್ಟರಿನ ರಬ್ಬರ್ ಬಳೆಗೆ
ಬೆರಳ ತುದಿಯಿಂದ ಹೊಸ ಎಣ್ಣೆ ಸವರುವಾಗ
'ಕೈಯಲ್ಲಿ ಬಿಗಿದರೆ ಸಾಕು,' ಅಂದ.
ಇವನು!

ನಾಲ್ಕು ಲೀಟರ್ ಜೇನುಬಣ್ಣ ಆಲಿಕೆಯಲ್ಲಿ ಇಳಿಯಿತು.
ಡಿಪ್‌ಸ್ಟಿಕ್ಕಿಗೆ ಎರಡು ಗೆರೆ,
ನಡುವೆ ಎಲ್ಲಿದ್ದರೂ ಕ್ಷೇಮ.
ಕೀಲಿ ತಿರುಗಿಸಿದೆ. ಕೆಂಪು ದೀಪ
ಒಂದು ಉಸಿರು ಉರಿದು ಆರಿತು.

ಸೋರುತ್ತಿದೆಯೇ ನೋಡಲು
ಅವನು ಆ ಕಡೆ, ನಾನು ಈ ಕಡೆ
ಕೆನ್ನೆ ನೆಲಕ್ಕಿಟ್ಟು ಬಾಗಿದೆವು.
ನಡುವೆ ಗೇಣಗಲದ ಕತ್ತಲು,
ಅದರಾಚೆ ಅಡ್ಡಲಾಗಿ ಅವನ ಮುಖ,
ನೆರೆತ ಹುಬ್ಬು.
ಹನಿ ಇಲ್ಲ, ಅಂದ.
ಇಲ್ಲ, ಅಂದೆ.
ಸ್ವಲ್ಪ ಹೊತ್ತು ಹಾಗೇ ನೋಡಿದೆವು, ಇಲ್ಲದ ಹನಿಯನ್ನು.

ಬಸ್ ಸ್ಟಾಪಿಗೆ ಬಿಡಲೇ ಅಂದರೆ
'ಸೀಟು ಕೊಳೆಯಾದೀತು, ನಿನ್ನ ಬಟ್ಟೆ ನೋಡು.'
ನಡೆದೇ ಹೋದ, ಟಾರ್ಚನ್ನು ಆರಿಸದೆ,
ಹಾಡುಹಗಲಲ್ಲಿ.

ಸಕ್ಕರೆ, ಪಾತ್ರೆ ಸೋಪು ಬೆರೆಸಿ ತಿಕ್ಕಿದ್ದಾಯಿತು.
ಉಗುರಂಚಿನ ಕಪ್ಪು ಮಾತ್ರ
ಬುಧವಾರದವರೆಗೆ ಇರುತ್ತದೆ.